ಒಂದೇ ಸಿಡಿಲು, ಇಬ್ಬರು ಮನುಷ್ಯರು

ಅತಿಮಾನುಷ ವೀರರ ಚಲಚ್ಚಿತ್ರಗಳೆಂದರೆ ಬಾಲಕರ ವಿನೋದವೆಂದು ಪ್ರೌಢರು ಮೂಗು ಮುರಿಯುವುದುಂಟು. ನಾವೂ ಆ ಪಂಗಡಕ್ಕೇ ಸೇರಿದವರು. ಆದರೆ ನೆರೆಯ ಕೇರಳದ ಬೇಸಿಲ್ ಜೋಸೆಫ್ ಎಂಬ ತರುಣ ನಿರ್ದೇಶಕರು ಮಲಯಾಳದಲ್ಲಿ ನಿರ್ಮಿಸಿದ, 2021ನೆಯ ಡಿಸೆಂಬರ್ 24ರಂದು ನೆಟ್‌ಫ್ಲಿಕ್ಸ್ ಮೂಲಕ ಕನ್ನಡದ ಮಾತಿನಲ್ಲಿಯೂ ಹೊರಬಂದ ‘ಮಿನ್ನಲ್ ಮುರಳಿ’ಯನ್ನು ನೋಡಿದ ಮೇಲೆ ಆ ತಾತ್ಸಾರವನ್ನು ಕೆಲಮಟ್ಟಿಗೆ ಬಿಟ್ಟುಕೊಡಬೇಕಾಯಿತು.

ಕುರುಕ್ಕನ್‌ಮೂಲವೆಂಬ ಕಲ್ಪಿತ ಗ್ರಾಮದಲ್ಲಿ ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಬಡಿಯುತ್ತದೆ. ಇಬ್ಬರಿಗೂ ಸಮಾನವಾದ ಅಮಾನುಷ ಶಕ್ತಿ ಪ್ರಾಪ್ತವಾಗುತ್ತದೆ. ಒಬ್ಬನು ಅಮೇರಿಕೆಗೆ ಹೋಗುವ ಹಂಬಲದ ದರ್ಜಿ ಜೈಸನ್. ಮತ್ತೊಬ್ಬನು ಚಹಾದಂಗಡಿಯಲ್ಲಿ ದುಡಿಯುವ ಶಿಬು. ಮೊದಲನೆಯವನು ನಾಯಕ, ಎರಡನೆಯವನು ಖಳ. ಆದರೆ ಅವರು ತಮ್ಮ ಬಲವನ್ನು ಮೊದಮೊದಲು ಬಳಸಿದ ಬಗೆಯನ್ನು ವಾಚಕರು ಗಮನಿಸಬೇಕು. ನಾಯಕನು ತನ್ನನ್ನು ಅವಮಾನಿಸಿದ ಪೋಲೀಸರ ಮೇಲೆ ಹಗೆ ತೀರಿಸಿಕೊಂಡನು. ಖಳನೋ, ತಾನು ಬಾಲ್ಯದಿಂದ ಪ್ರೀತಿಸಿದ ಉಷೆಯ ಮಗಳ ಶಸ್ತ್ರಚಿಕಿತ್ಸೆಗೆ ಹಣವಿಲ್ಲವೆಂದು ಬ್ಯಾಂಕನ್ನು ದೋಚಿದನು. ಎರಡೂ ಅಪರಾಧಗಳೇ ಸರಿ. ಆದರೆ ಅಂತಃಕರಣದ ತಕ್ಕಡಿಯಲ್ಲಿ ಯಾವುದು ಹಗುರವೆಂದು ಹೇಳುವುದು ಸುಲಭವಲ್ಲ.

ಹಾಗಾದರೆ ಒಬ್ಬನು ರಕ್ಷಕನೂ ಮತ್ತೊಬ್ಬನು ಭಕ್ಷಕನೂ ಆದುದೇಕೆ? ಜೈಸನನಿಗೆ ಸಾಕಿ ಬೆಳೆಸಿದ ತಂದೆಯುಂಟು, ಬೆನ್ನಿಗೆ ಬಿಡದೆ ನಿಂತ ಸೋದರಳಿಯನುಂಟು. ಶಿಬುವನ್ನು ಊರು ಅರೆಹುಚ್ಚನೆಂದು ದೂರವಿರಿಸಿತ್ತು. ಪರಪುರುಷನೊಡನೆ ಹೋಗಿ, ಅವನಿಂದ ಪರಿತ್ಯಕ್ತಳಾಗಿ, ಮಗುವಿನೊಡನೆ ಹಿಂದಿರುಗಿದ ಉಷೆ ಒಬ್ಬಳೇ ಅವನ ಲೋಕ. ಅನೇಕ ವರ್ಷಗಳ ತರುವಾಯ ಅವಳು ಅವನನ್ನು ಒಪ್ಪಿಕೊಳ್ಳುವ ಗಳಿಗೆಯಲ್ಲಿ ಗುರು ಸೋಮಸುಂದರಂ ಎಂಬ ತಮಿಳು ನಟರು ತೋರಿರುವ ಅಭಿನಯವು ಅಸಾಧಾರಣವಾದುದು. ಮುಖವು ಅಳುವಿಗೆ ತೊಡಗಿ ನಗುವಾಗುತ್ತದೆ, ನಗುವು ಮರಳಿ ಅಳುವಾಗುತ್ತದೆ. ಯಂತ್ರಕೌಶಲದಿಂದ ಮಾಡಿದ ಹಾರಾಟ ಹೊಡೆದಾಟಗಳೆಲ್ಲವೂ ಮರೆತುಹೋದಾವು. ಆ ಮುಖವು ಮರೆಯದು. ರಂಗಭೂಮಿಯಲ್ಲಿ ಪಳಗಿದ ನಟನ ಬೆಲೆಯೇನೆಂಬುದು ಇಂತಲ್ಲಿ ತಿಳಿಯುತ್ತದೆ.

ಮುಂದೆ ಶಿಬುವಿನ ಗುಟ್ಟು ಬಯಲಾದಾಗ ಊರವರ ರೋಷವು ಬೆಂಕಿಯ ರೂಪ ತಾಳಿತು. ಆ ಬೆಂಕಿಗೆ ಉಷೆ ಆಹುತಿಯಾದಳು. ಆಮೇಲೆಯೇ ಅವನು ಊರನ್ನೆಲ್ಲ ಸುಡಲು ಹೊರಟದ್ದು. ಅವನ ಘೋರ ಕೃತ್ಯಗಳನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಆ ಬೆಂಕಿಯನ್ನು ಅವನಿಗೆ ಕಲಿಸಿಕೊಟ್ಟವರು ದೈತ್ಯರಲ್ಲ. ದಿನವೂ ಅವನ ಕೈಯಿಂದ ಚಹಾ ಕುಡಿದ ಸದ್ಗೃಹಸ್ಥರು. ಇದು ಬರಿಯ ಕಟ್ಟುಕತೆಯೆನ್ನುವವರು, ಇದೇ ಚಿತ್ರಕ್ಕಾಗಿ ಕಾಲಡಿಯಲ್ಲಿ ಕಟ್ಟಿದ್ದ ಇಗರ್ಜಿಯ ರಂಗಸಜ್ಜನ್ನು 2020ರ ಮೇ ತಿಂಗಳಲ್ಲಿ ಗುಂಪೊಂದು ಒಡೆದುಹಾಕಿತೆಂಬುದನ್ನು ನೆನೆಯಬಹುದು.

ಚಿತ್ರದಲ್ಲಿ ಲೋಪವಿಲ್ಲವೆಂದಲ್ಲ. ನಾಯಕನ ಪ್ರಣಯಪ್ರಸಂಗವು ಸಪ್ಪೆ. ವಿನೋದವು ಅಲ್ಲಲ್ಲಿ ಮಿತಿಮೀರಿದೆ. ಇವು ಸಣ್ಣವು. ಇವಕ್ಕಿಂತ ದೊಡ್ಡ ಕೊರತೆಯೊಂದುಂಟು: ಅಂತ್ಯದಲ್ಲಿ ಖಳನು ಅಳಿಯುತ್ತಾನೆ, ಊರಿಗೆ ಕಾವಲುಗಾರನೊಬ್ಬನು ದೊರೆಯುತ್ತಾನೆ, ಉಷೆ ಇದ್ದೆಡೆಗೆ ಬೆಂಕಿಯಿಟ್ಟವರನ್ನು ಮಾತ್ರ ಚಿತ್ರಕಾರರು ನ್ಯಾಯಸ್ಥಾನದ ಮುಂದೆಯಾಗಲಿ ಅವರ ಮನಸ್ಸಾಕ್ಷಿಯ ಮುಂದೆಯಾಗಲಿ ನಿಲ್ಲಿಸುವುದಿಲ್ಲ.