ತಾತ ತಿಪಟೂರಿಗೆ ಹೋಗಿದ್ದಾರೆ

‘ಹೊತ್ತು ಮುಳುಗ್ತಾ ಬಂತು, ನಾನಿನ್ನು ಮನೆಗೆ ಹೋಗ್ತೀನಿ ಕಣವ್ವ. ಹಾಲು ಕರೀಬೇಕು.’

ಸಂಜೆ ಐದೂವರೆಯಾದರೆ ಸಾಕು, ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಾಗಿಲಿನತ್ತ ಹೊರಡುತ್ತಾಳೆ. ಅವಳು ಹೊರಡುವುದು ಐವತ್ತೈದು ವರ್ಷ ಬಾಳಿದ ತನ್ನದೇ ಮನೆಯಿಂದ. ನಮ್ಮ ಕೊಟ್ಟಿಗೆಯಲ್ಲಿ ಹಸುವಿಲ್ಲದೆ ಹತ್ತು ವರ್ಷವಾಗಿದೆ.

ಮೊದಲು ಶುರುವಾದದ್ದು ಸಣ್ಣಪುಟ್ಟ ಮರೆವು. ಸಾರಿಗೆ ಎರಡು ಸಲ ಉಪ್ಪು, ಹೇಳಿದ ಕಥೆಯೇ ಮತ್ತೆ ಮತ್ತೆ. ‘ಅರವತ್ತಕ್ಕೇ ಅರಳು ಮರಳು, ಇವಳಿಗೆ ಎಪ್ಪತ್ತಾರಲ್ವಾ’ ಎಂದು ನಾವು ನಕ್ಕೆವು. ಅವಳೂ ನಕ್ಕಳು. ಒಂದು ದಿನ ದೇವಸ್ಥಾನಕ್ಕೆ ಹೋದವಳು ಕತ್ತಲಾದರೂ ಬರಲಿಲ್ಲ. ತವರಿಗೆ ಹೋಗಲೆಂದು ಬಸ್‌ ನಿಲ್ದಾಣದಲ್ಲಿ ಕೂತಿದ್ದಳಂತೆ. ಹೂವಿನ ಅಂಗಡಿಯವರು ಗುರುತು ಹಿಡಿದು ಫೋನ್‌ ಮಾಡಿದರು. ಅವತ್ತಿಗೆ ನಮ್ಮ ನಗು ನಿಂತಿತು.

ಥೈರಾಯ್ಡ್‌ ತೊಂದರೆ, ವಿಟಮಿನ್‌ ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಅದನ್ನು ಸರಿಪಡಿಸಬಹುದು ಎಂದ ಡಾಕ್ಟರು ರಕ್ತ ಪರೀಕ್ಷೆ, ಸ್ಕ್ಯಾನ್‌ ಎಲ್ಲ ಮಾಡಿಸಿದರು. ಅಜ್ಜಿಯದು ಅದಾಗಿರಲಿಲ್ಲ. 1906ರಲ್ಲಿ ಜರ್ಮನಿಯ ವೈದ್ಯನೊಬ್ಬ ಮೊದಲು ವಿವರಿಸಿದ, ಅವನ ಹೆಸರನ್ನೇ ಹೊತ್ತ ಅಲ್ಝೈಮರ್‌ ಕಾಯಿಲೆ. ಮಾತ್ರೆಯಿಂದ ಒಂದಿಷ್ಟು ಹಿಡಿತಕ್ಕೆ ಬರಬಹುದು, ಗುಣವಾಗುವುದಿಲ್ಲ. ಮೊದಲು ಅಳಿಸುವುದು ಹೊಸ ನೆನಪು, ಹಳೆಯದು ಉಳಿದಿರುತ್ತದೆ. ಅದಕ್ಕೇ ಅಜ್ಜಿಗೆ ಬೆಳಿಗ್ಗೆ ತಿಂದ ಉಪ್ಪಿಟ್ಟು ನೆನಪಿಲ್ಲ, ಗೌರಿ ಹಸು ನೆನಪಿದೆ. ನಾನು ಅವಳ ಪಾಲಿಗೆ ಮೊಮ್ಮಗಳಲ್ಲ, ಒಮ್ಮೊಮ್ಮೆ ಅವಳ ಅಕ್ಕಯ್ಯ.

ಇಷ್ಟೆಲ್ಲ ಗೊತ್ತಿದ್ದೂ ನಾನೊಂದು ತಪ್ಪು ಮಾಡಿದೆ. ಮರುದಿನ ನನಗೆ ಸೆಮಿಸ್ಟರ್‌ ಪರೀಕ್ಷೆ. ‘ನಿಮ್ಮ ತಾತ ಉಂಡ್ರೇನೇ?’ ಎಂದು ಅಜ್ಜಿ ಏಳನೇ ಸಲವೋ ಎಂಟನೇ ಸಲವೋ ಕೇಳಿದಳು. ‘ತಾತ ಸತ್ತು ಎಂಟು ವರ್ಷ ಆಯ್ತಜ್ಜೀ!’ ಎಂದು ಕಿರುಚಿಬಿಟ್ಟೆ. ಅಜ್ಜಿಗೆ ತಾತ ಸತ್ತದ್ದು ಆ ಕ್ಷಣದಲ್ಲಿ. ‘ನಂಗ್ಯಾಕೆ ಯಾರೂ ಹೇಳಲಿಲ್ಲ?’ ಎಂದು ಎದೆ ಬಡಿದುಕೊಂಡು ಅತ್ತಳು. ಕಾಲು ಗಂಟೆ ಕಳೆದಿರಲಿಲ್ಲ, ಕೆನ್ನೆ ಇನ್ನೂ ಒದ್ದೆಯಿತ್ತು. ಮತ್ತೆ ಕೇಳಿದಳು: ‘ನಿಮ್ಮ ತಾತ ಉಂಡ್ರೇನೇ?’

ಅವಳು ಮರೆತಳು. ನಾನು ಮರೆತಿಲ್ಲ.

ಅಂದಿನಿಂದ ನಾನು ಸುಳ್ಳು ಕಲಿತೆ. ‘ತಾತ ಕೊಬ್ಬರಿ ತಗೊಂಡು ತಿಪಟೂರಿಗೆ ಹೋಗಿದಾರೆ ಅಜ್ಜಿ, ಬರೋದು ತಡ ಆಗುತ್ತೆ’ ಎನ್ನುತ್ತೇನೆ. ಅವಳು ತಲೆಯಾಡಿಸಿ ಸುಮ್ಮನಾಗುತ್ತಾಳೆ. ಸುಳ್ಳು ಹೇಳಿದರೆ ನಾಲಿಗೆಗೆ ಬರೆ ಹಾಕ್ತೀನಿ ಎಂದು ಚಿಕ್ಕಂದಿನಲ್ಲಿ ನನ್ನನ್ನು ಹೆದರಿಸುತ್ತಿದ್ದವಳು ಇದೇ ಅಜ್ಜಿ.

ಮನೆಗೆ ಹೋಗ್ತೀನಿ ಎಂದಾಗಲೂ ಈಗ ವಾದ ಮಾಡುವುದಿಲ್ಲ. ‘ನಡಿ, ನಾನೂ ಬರ್ತೀನಿ’ ಎಂದು ಕೈ ಹಿಡಿದು ಬೀದಿ ಸುತ್ತಿಸಿ ಕರೆತರುತ್ತೇನೆ. ‘ಬಂತಲ್ಲ ಮನೆ’ ಎಂದು ಅವಳೇ ಒಳಗೆ ಬರುತ್ತಾಳೆ. ಬಾಗಿಲಿಗೆ ಅವಳ ಕೈಗೆಟುಕದಷ್ಟು ಮೇಲೆ ಚಿಲಕ ಹಾಕಿಸಿದ್ದೇವೆ. ರಾತ್ರಿ ಸಿಲಿಂಡರಿನ ರೆಗ್ಯುಲೇಟರ್‌ ಬಂದ್‌ ಮಾಡುತ್ತೇವೆ. ಅವಳ ಎಲೆಅಡಿಕೆ ಸಂಚಿಯಲ್ಲಿ ನಮ್ಮ ಫೋನ್‌ ನಂಬರಿನ ಚೀಟಿಯಿದೆ. ಮಲ್ಲಿಗೆ, ಬಾಳೆನಾರು ಮುಂದಿಟ್ಟರೆ ಗಂಟೆಗಟ್ಟಲೆ ಹೂ ಕಟ್ಟುತ್ತಾಳೆ. ತಲೆ ಮರೆತದ್ದನ್ನು ಬೆರಳು ಮರೆತಿಲ್ಲ.

ಇದರಲ್ಲೆಲ್ಲ ನಾನು ಕೊನೆಗೆ ಕಂಡದ್ದು ಅಮ್ಮನನ್ನು. ರಾತ್ರಿ ಮೂರು ಸಲ ಎದ್ದು, ಬೆಳಿಗ್ಗೆ ಅಜ್ಜಿಗೆ ಸ್ನಾನ ಮಾಡಿಸಿ, ‘ನೀನ್ಯಾರು, ನನ್ನ ಬಳೆ ಕದ್ದೆ’ ಎಂದು ಬೈಸಿಕೊಳ್ಳುವವಳು ಅವಳು. ಈಗ ಐದರಿಂದ ಎಂಟರವರೆಗೆ ಅಜ್ಜಿ ನನ್ನ ಪಾಲಿಗೆ. ಮೊದಲ ದಿನ ‘ಏನು ಮಾಡ್ಲಿ ಈಗ?’ ಎಂದು ಅಮ್ಮ ನಡುಮನೆಯಲ್ಲೇ ನಿಂತಿದ್ದಳು. ಆಮೇಲೆ ಜಗುಲಿಯ ಮೇಲೆ ಕೂತು ಒಂದು ಲೋಟ ಕಾಫಿಯನ್ನು ಬಿಸಿಯಿರುವಾಗಲೇ ಕುಡಿದಳು.

ನಿಮ್ಮ ಮನೆಯಲ್ಲೂ ಹಿರಿಯರ ಮರೆವು ಹೆಚ್ಚುತ್ತಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ಅವರನ್ನು ನೋಡಿಕೊಳ್ಳುತ್ತಿರುವವರು ನಿದ್ದೆ ಮಾಡಿದರಾ ಎಂದೂ ಕೇಳಿ.

ನಿನ್ನೆ ತಿಪಟೂರಿನ ಕಥೆ ಹೇಳಿದಾಗ ಅಜ್ಜಿ, ‘ಬರ್ತಾ ನಂಗೆ ಎಲೆ ತರ್ತಾರೆ’ ಎಂದಳು. ಇವತ್ತು ಕಾಲೇಜಿನಿಂದ ಬರುವಾಗ ಅರ್ಧ ಕಟ್ಟು ವೀಳ್ಯದೆಲೆ ತಂದಿದ್ದೇನೆ. ತಾತ ಕೊಟ್ಟು ಕಳಿಸಿದರು ಎನ್ನಬೇಕು.