ನಿಮಗಿದು ಗೊತ್ತೇ? ಮಗುವಿಗಾಗಿ ಇಂಜೆಕ್ಷನ್, ಮೈಗೆ ಏನೆಲ್ಲ ಪೇಚಾಟ!

ಮಕ್ಕಳಾಗಲೆಂದು ಕೊಡುವ ಹಾರ್ಮೋನ್ ಇಂಜೆಕ್ಷನ್ ಮೊದಮೊದಲು ಎಲ್ಲಿಂದ ಬಂತು, ಹೇಳಿ ನೋಡೋಣ? ಇಟಲಿಯ ಕಾನ್ವೆಂಟುಗಳಿಂದ! ಮುಟ್ಟು ನಿಂತ ಹೆಂಗಸರ ಮೂತ್ರದಲ್ಲಿ ಆ ಹಾರ್ಮೋನ್ ಧಾರಾಳ. ವಯಸ್ಸಾದ ನನ್‌ಗಳ ಮೂತ್ರ ಸಂಗ್ರಹಿಸಿ ಔಷಧಿ ತಯಾರಿಸಿದರು. ಅದರಿಂದ ಮೊದಲ ಮಗು ಹುಟ್ಟಿದ್ದು 1962ರಲ್ಲಿ, ಇಸ್ರೇಲಿನಲ್ಲಿ. ಈಗ ಆ ಕೆಲಸವನ್ನು ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಯ ಜೀವಕೋಶಗಳೂ ಮಾಡುತ್ತವೆ!

ಈ ಇಂಜೆಕ್ಷನ್ ಕೆಲಸ ಮಾಡದಿದ್ದರೆ ಬೇಸರ. ಅತಿಯಾಗಿ ಮಾಡಿದರೆ ಅಪಾಯ! ಬಾದಾಮಿಯಂತಿರುವ ಅಂಡಾಶಯ ಊದಿಕೊಂಡು 12 ಸೆಂಟಿಮೀಟರ್ ದಾಟಿಬಿಡಬಹುದು. ರಕ್ತನಾಳಗಳಿಂದ ನೀರು ಸೋರಿ ಹೊಟ್ಟೆಯಲ್ಲಿ ತುಂಬುತ್ತದೆ. ಇತ್ತ ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವ ಭಯ. ಇದಕ್ಕೆ ಡಾಕ್ಟರುಗಳು ಹೇಳುವ ಹೆಸರು ಓಎಚ್‌ಎಸ್‌ಎಸ್. ಇದರ ಸುಳಿವು ಕೊಡುವುದು ಯಾವುದು ಗೊತ್ತೇ? ಮನೆಯ ತೂಕದ ಯಂತ್ರ! ದಿನಕ್ಕೆ ಒಂದು ಕೆಜಿಗಿಂತ ಹೆಚ್ಚು ಏರಿತೋ, ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಇನ್ನೂ ಸೋಜಿಗ ಕೇಳಿ. ಆ ಹೊತ್ತಿಗೇ ಗರ್ಭ ನಿಂತರೆ ಈ ತೊಂದರೆ ಜೋರಾಗುತ್ತದೆ! ಗರ್ಭದ ಹಾರ್ಮೋನೇ ಅಂಡಾಶಯವನ್ನು ಮತ್ತಷ್ಟು ಕೆಣಕುತ್ತದೆ. ಅದಕ್ಕೇ ಎಷ್ಟೋ ಸಲ ಭ್ರೂಣಗಳನ್ನು ಫ್ರೀಜ್ ಮಾಡಿಟ್ಟು, ಮೈ ಸುಧಾರಿಸಿದ ಮೇಲೆ ಗರ್ಭಕ್ಕೆ ಬಿಡುತ್ತಾರೆ.

ಅಂಡಾಣು ದಾನಿಗಳಿಗೂ ಇದೇ ಇಂಜೆಕ್ಷನ್. ನಮ್ಮ ದೇಶದ 2021ರ ಕಾನೂನಿನ ಪ್ರಕಾರ ಒಬ್ಬ ಹೆಣ್ಣುಮಗಳು ಅಂಡಾಣು ದಾನ ಮಾಡಬಹುದಾದದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಏಳಕ್ಕಿಂತ ಹೆಚ್ಚು ತೆಗೆಯುವಂತಿಲ್ಲ!

ಬಸುರಿನ ಪರೀಕ್ಷೆಯ ಕಿಟ್‌ನಲ್ಲಿ ಎರಡು ಗೆರೆ ಬಂತೆಂದು ಸಿಹಿ ಹಂಚಲು ಹೊರಟಿರಾ? ತಾಳಿ! ಅಂಡಾಣು ಪಕ್ವವಾಗಲು ಕೊಡುವ ಎಚ್‌ಸಿಜಿ ಇಂಜೆಕ್ಷನ್ನೂ, ಕಿಟ್ ಹುಡುಕುವ ಹಾರ್ಮೋನೂ ಒಂದೇ. ಇಂಜೆಕ್ಷನ್ ಪಡೆದ ಹತ್ತು ದಿನದವರೆಗೂ ಕಿಟ್ ಸುಳ್ಳು ಹೇಳೀತು! ಗರ್ಭ ನಿಲ್ಲಲೆಂದು ಕೊಡುವ ಪ್ರೊಜೆಸ್ಟರಾನ್ ಹಾರ್ಮೋನ್ ಇನ್ನೂ ತುಂಟ: ಸ್ತನಗಳಲ್ಲಿ ನೋವು, ತೂಕಡಿಕೆ ತರಿಸಿ ಬಸುರಿನ ನಾಟಕವನ್ನೇ ಆಡಿಬಿಡುತ್ತದೆ.

ಅಂದಹಾಗೆ, ಆ ಪ್ರೊಜೆಸ್ಟರಾನ್ ಇಂಜೆಕ್ಷನ್‌ನಲ್ಲಿ ಅಡುಗೆಮನೆಯ ಪರಿಚಿತರೂ ಇರುತ್ತಾರೆ. ಕೆಲವಲ್ಲಿ ಎಳ್ಳೆಣ್ಣೆ, ಕೆಲವಲ್ಲಿ ಕಡಲೆಕಾಯಿ ಎಣ್ಣೆ! ಇವು ಮೈಗೆ ಒಗ್ಗದವರು ಮೊದಲೇ ಬಾಯಿಬಿಟ್ಟು ಹೇಳಬೇಕು. ಚುಚ್ಚಿದ ಕಡೆ ಗಂಟು ಕಟ್ಟುವುದಂತೂ ಮಾಮೂಲು.

ಕ್ಲೋಮಿಫೀನ್ ಮಾತ್ರೆ ನುಂಗುವುದು ಅಂಡಾಶಯಕ್ಕಾಗಿ. ಆದರೆ ಕೆಲವರಿಗೆ ಮಿಂಚು ಹೊಡೆಯುವುದು ಕಣ್ಣಿನಲ್ಲಿ! ದೃಷ್ಟಿ ಮಂಜಾದರೂ, ಬೆಳಕು ಚಿಮ್ಮಿದಂತೆ ಕಂಡರೂ ಡಾಕ್ಟರಿಗೆ ತಿಳಿಸಲೇಬೇಕು. ಅಲ್ಲಿಯವರೆಗೆ ಸ್ಕೂಟರ್ ಕೀಲಿ ಮುಟ್ಟದಿರುವುದೇ ವಾಸಿ.

ಗರ್ಭಕ್ಕೆ ಒಂದೇ ಭ್ರೂಣ ಬಿಟ್ಟರೆ ಅವಳಿಯ ಮಾತೇ ಇಲ್ಲ ಅಂದುಕೊಂಡಿರಾ? ಅದು ಒಳಗೆ ಹೋಗಿ ಎರಡಾಗಿ ಒಡೆಯಬಹುದು! ಅಪರೂಪ, ಆದರೆ ನಿಜ.

ಕೊನೆಗೊಂದು. ಇಂಗ್ಲೆಂಡಿನ ಎಡ್ವರ್ಡ್ಸ್ ಮತ್ತು ಸ್ಟೆಪ್ಟೋ ಜೋಡಿ 1976ರಲ್ಲಿ ಒಂದು ಐವಿಎಫ್ (ಪ್ರನಾಳ) ಗರ್ಭವನ್ನು ವರದಿ ಮಾಡಿತು. ಭ್ರೂಣ ಬಿಟ್ಟದ್ದು ಗರ್ಭಕೋಶದಲ್ಲಿ, ಅದು ಬೆಳೆದದ್ದು ಗರ್ಭನಾಳದಲ್ಲಿ! ಆ ಗರ್ಭ ಉಳಿಯಲಿಲ್ಲ. ಎರಡು ವರ್ಷದ ನಂತರ, 1978ರ ಜುಲೈ 25ರಂದು, ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಅವಳ ತಾಯಿಗೆ ಅಂಡಾಶಯ ಕೆರಳಿಸುವ ಎಷ್ಟು ಇಂಜೆಕ್ಷನ್ ಕೊಟ್ಟಿದ್ದರು ಗೊತ್ತೇ? ಒಂದೂ ಇಲ್ಲ! ಆ ತಿಂಗಳು ತಾನಾಗಿ ಬಲಿತ ಒಂದೇ ಒಂದು ಅಂಡಾಣು ಅದು!