ಮನೆ ಇದೆ, ಕೈಯಲ್ಲಿ ಕಾಸಿಲ್ಲ: ಹಿರಿಯರಿಗೆ ರಿವರ್ಸ್ ಮಾರ್ಟ್‌ಗೇಜ್ ಆಗ್ತದಾ?

ಗಲ್ಫ್ ದುಡಿಮೆಯಲ್ಲಿ ಕಟ್ಟಿದ ದೊಡ್ಡ ಮನೆ, ಅದರಲ್ಲಿ ಬಾಪ-ಉಮ್ಮ ಇಬ್ಬರೇ. ಪಿಂಚಣಿ ಇಲ್ಲ, ಮದ್ದಿನ ಖರ್ಚು ಮಾತ್ರ ಏರುತ್ತಲೇ ಇದೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಇಂಥ ಮನೆಗಳು ಹೊಸತಲ್ಲ. ಇಂಥವರಿಗೆಂದೇ 'ರಿವರ್ಸ್ ಮಾರ್ಟ್‌ಗೇಜ್' ಎಂಬ ಸಾಲ ಇದೆ. 2007ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿ, ನ್ಯಾಷನಲ್ ಹೌಸಿಂಗ್ ಬ್ಯಾಂಕ್ ನಿಯಮ ರೂಪಿಸಿದ ಯೋಜನೆ ಇದು.

ಗೃಹಸಾಲದ ಉಲ್ಟಾ ಲೆಕ್ಕ ಅಂದುಕೊಳ್ಳಿ. 60 ದಾಟಿದವರು ಮನೆ ಅಡವಿಟ್ಟರೆ ಬ್ಯಾಂಕೇ ತಿಂಗಳಿಗಿಷ್ಟು ಅಂತ ಹಣ ಕೊಡುತ್ತದೆ. ಕಂತು ಕಟ್ಟಬೇಕಿಲ್ಲ. ಗಂಡ ಹೆಂಡತಿ ಇಬ್ಬರೂ ಸಾಲದಲ್ಲಿ ಸೇರಿದ್ದರೆ, ಇಬ್ಬರಲ್ಲಿ ಕೊನೆಯವರು ಬದುಕಿರುವ ತನಕ ಅದೇ ಮನೆಯಲ್ಲಿ ವಾಸ. ಆಮೇಲೆ ಮಕ್ಕಳು ಸಾಲ ತೀರಿಸಿ ಮನೆ ಉಳಿಸಿಕೊಳ್ಳಬಹುದು. ಇಲ್ಲವಾದರೆ ಬ್ಯಾಂಕ್ ಮಾರಿ, ಮಿಕ್ಕಿದ್ದನ್ನು ವಾರಸುದಾರರಿಗೆ ಕೊಡುತ್ತದೆ. ಮಾರಿದ ಹಣ ಕಡಿಮೆ ಬಿದ್ದರೆ ಅದು ಮಕ್ಕಳ ತಲೆಗೆ ಬರುವುದಿಲ್ಲ.

ಕೇಳಲು ಚಂದ. ಆದರೆ ಬಡ್ಡಿ? ಶೇ. 10 ಎಂದಿಟ್ಟುಕೊಳ್ಳಿ. ತಿಂಗಳಿಗೆ 10 ಸಾವಿರದಂತೆ 15 ವರ್ಷ ಪಡೆದರೆ ಕೈಗೆ ಬಂದದ್ದು 18 ಲಕ್ಷ, ಸಾಲ ಸುಮಾರು 41 ಲಕ್ಷ. ಅವಧಿ ಮುಗಿದ ಮೇಲೆ ಹಣ ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಇನ್ನೈದು ವರ್ಷ ಕಳೆದರೆ 68 ಲಕ್ಷ. ಬಡ್ಡಿ ಹರಾಮ್ ಎಂದು ದೂರ ಇರುವವರಿಗೆ ಈ ದಾರಿ ಇಲ್ಲಿಗೇ ಮುಗಿಯಿತು.

ಉಳಿದವರು ಎಡವುವುದು ದಾಖಲೆಯಲ್ಲಿ. ಮನೆ ಸ್ವಂತ ಸಂಪಾದನೆಯದ್ದಾಗಿ, ಸಾಲ ಕೇಳುವವರ ಹೆಸರಲ್ಲೇ ಇರಬೇಕು. ಬಾಪ ತೀರಿಹೋದ ಮೇಲೆ "ಮನೆ ಉಮ್ಮನದ್ದೇ ಅಲ್ವಾ" ಅಂತ ನಾವು ಸುಲಭವಾಗಿ ಹೇಳಿಬಿಡ್ತೇವೆ. ಆದರೆ ನಮ್ಮ ವಾರಸು ನಿಯಮದಲ್ಲಿ ಮಕ್ಕಳಿರುವ ವಿಧವೆಯ ಪಾಲು ಎಂಟರಲ್ಲಿ ಒಂದು ಮಾತ್ರ. ಪಾಲಾಗದ ಮನೆ ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ಕೆಲಸ ಆಗದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮಗನ ಜೊತೆ ದುಬೈಗೆ ಹೋಗಿ ಸತತ ಒಂದು ವರ್ಷ ಮನೆಯಲ್ಲಿ ವಾಸ ಇಲ್ಲದಿದ್ದರೆ, ಬ್ಯಾಂಕ್ ಸಾಲ ವಾಪಸ್ ಕೇಳಬಹುದು. ತೆರಿಗೆ, ವಿಮೆ, ರಿಪೇರಿಯೂ ಮನೆಯವರದ್ದೇ. ನಮ್ಮ ಮಳೆಗೆ ರಿಪೇರಿ ಅಂದರೆ ಸಣ್ಣ ಖರ್ಚಲ್ಲ.

ಹಾಗಾಗಿ ಇದು ಹೊಂದುವುದು ಕೆಲವರಿಗೆ ಮಾತ್ರ: ದಾಖಲೆ ಸರಿಯಿದ್ದು, ಮಕ್ಕಳಿಲ್ಲದ ಅಥವಾ ಮಕ್ಕಳಿಗೆ ಆ ಮನೆ ಬೇಡದ, ಊರು ಬಿಡುವ ಯೋಚನೆಯೂ ಇಲ್ಲದ ದಂಪತಿಗೆ. ಬೇರೆಯವರು ಮೊದಲು ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟು ನೋಡಲಿ. ಮಕ್ಕಳ ಹೆಸರಿಗೆ ಮನೆ ಬರೆದುಕೊಡುವುದಾದರೆ "ನಮ್ಮನ್ನು ನೋಡಿಕೊಳ್ಳಬೇಕು" ಎಂಬ ಷರತ್ತು ಪತ್ರದಲ್ಲೇ ಇರಲಿ. ಅದು ಮುರಿದರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಪತ್ರ ರದ್ದು ಮಾಡಲು ಟ್ರಿಬ್ಯೂನಲ್‌ಗೆ ಅರ್ಜಿ ಕೊಡಬಹುದು.